ರಾಬರ್ಟ್ ಕಾಕ್: ತೋರಿಸಿ ನಂಬಿಸಿದ ವೈದ್ಯ

ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ರಾಬರ್ಟ್ ಕಾಕ್ ಅವರ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. 1876ರಲ್ಲಿ ಆಂಥ್ರಾಕ್ಸ್ ರೋಗದ ಬ್ಯಾಕ್ಟೀರಿಯವನ್ನು ಕಂಡುಹಿಡಿದವರು ಎಂಬಷ್ಟೇ ಮಾಹಿತಿ. ಬೋಧನಾಭ್ಯಾಸದ ಎರಡನೆಯ ವಾರ ಆ ಪಾಠ ನನ್ನ ಪಾಲಿಗೆ ಬಂದಿತ್ತು. ಕಪ್ಪುಹಲಗೆಯ ಮೇಲೆ ಕೋಷ್ಟಕ ಎಳೆದು, ಕ್ಷಯ ಎಂದು ಬರೆದು, ಅದರ ಎದುರು ಬ್ಯಾಕ್ಟೀರಿಯ ಮತ್ತು ಗಾಳಿ ಎಂದು ತುಂಬಿಸಿ ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಕ್ಷಯ ವಂಶದಿಂದ ಬರುವ ಕಾಯಿಲೆಯಲ್ಲವೇ ಎಂಬುದು ಅವಳ ಪ್ರಶ್ನೆ. ಆ ಕಾಯಿಲೆ ಇದ್ದ ಮನೆಗೆ ಅವರ ಊರಿನಲ್ಲಿ ಹೆಣ್ಣು ಕೊಡುವುದಿಲ್ಲವಂತೆ. ಹಾಗಲ್ಲ, ಅದು ಬ್ಯಾಕ್ಟೀರಿಯದಿಂದ ಬರುತ್ತದೆ ಎಂದು ನಾನು ಹಲಗೆ ತೋರಿಸಿದೆ. ಅದು ಹೇಗೆ ಗೊತ್ತಾಯಿತು ಎಂದು ಅವಳು ಮತ್ತೆ ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ. ಪುಸ್ತಕದಲ್ಲಿದೆ ಎಂದು ಹೇಳಿ ಕೂರಿಸಿದೆ.

ಅಂದು ಸಂಜೆ ಪಾಠ ವೀಕ್ಷಣೆಯ ಪುಸ್ತಕದಲ್ಲಿ ನನ್ನ ಮಾರ್ಗದರ್ಶಕರು ಬರೆದದ್ದನ್ನು ಓದಿ ತಲೆ ತಗ್ಗಿಸಬೇಕಾಯಿತು. ಮಗು ಕೇಳಿದ್ದು ವಿಜ್ಞಾನದ ಪ್ರಶ್ನೆ, ನಾನು ಕೊಟ್ಟದ್ದು ವಿಜ್ಞಾನದ ಉತ್ತರವಲ್ಲ. ಆ ಪ್ರಶ್ನೆಗೆ ಸರಿಯಾದ ಉತ್ತರ ಒಬ್ಬ ಮನುಷ್ಯನ ಜೀವನಚರಿತ್ರೆಯಲ್ಲಿದೆ. ವಿಜ್ಞಾನ ಕಲಿಸುವ ನಮ್ಮೆಲ್ಲರಿಗೂ ಉಪಯೋಗವಾಗಲೆಂದು ಅದನ್ನು ಇಲ್ಲಿ ಬರೆದಿದ್ದೇನೆ.

ಗಣಿ ಊರಿನ ಹುಡುಗ

ರಾಬರ್ಟ್ ಕಾಕ್ ಹುಟ್ಟಿದ್ದು 1843ರ ಡಿಸೆಂಬರ್ 11ರಂದು, ಜರ್ಮನಿಯ ಹಾರ್ಟ್ಸ್ ಬೆಟ್ಟಸೀಮೆಯ ಕ್ಲೌಸ್ತಾಲ್ ಎಂಬ ಗಣಿ ಊರಿನಲ್ಲಿ. ತಂದೆ ಗಣಿ ಇಲಾಖೆಯಲ್ಲಿ ಕೆಲಸದಲ್ಲಿದ್ದರು. ಮನೆ ತುಂಬ ಮಕ್ಕಳು. ಐದು ವರ್ಷದ ಹುಡುಗ ಒಂದು ದಿನ ತಾನು ಓದಲು ಕಲಿತಿರುವುದಾಗಿ ತಂದೆತಾಯಿಗೆ ತಿಳಿಸಿದಾಗ ಅವರಿಗೆ ಅಚ್ಚರಿಯೋ ಅಚ್ಚರಿ. ಯಾರೂ ಕಲಿಸಿರಲಿಲ್ಲ. ಮನೆಗೆ ಬರುತ್ತಿದ್ದ ದಿನಪತ್ರಿಕೆಗಳನ್ನು ಹಿಡಿದು ಕೂತು ಅಕ್ಷರಗಳನ್ನು ತಾನೇ ಬಿಡಿಸಿಕೊಂಡಿದ್ದ. ಒಂದನ್ನು ಹಿಡಿದರೆ ಬಿಡದೆ ಕೂರುವ ಈ ಗುಣ ಕೊನೆಯವರೆಗೂ ಅವರ ಜೊತೆಗಿತ್ತು.

1862ರಲ್ಲಿ ಗಟ್ಟಿಂಗೆನ್ ವಿಶ್ವವಿದ್ಯಾಲಯಕ್ಕೆ ಸೇರಿ ವೈದ್ಯಶಾಸ್ತ್ರ ಓದಿದರು. ಅಲ್ಲಿ ಅಂಗರಚನೆ ಕಲಿಸುತ್ತಿದ್ದವರು ಯಾಕೋಬ್ ಹೆನ್ಲೆ. ಅಂಟುರೋಗಗಳಿಗೆ ಕಣ್ಣಿಗೆ ಕಾಣದ ಜೀವಿಗಳೇ ಕಾರಣವಿರಬೇಕೆಂದು ಹೆನ್ಲೆ 1840ರಲ್ಲೇ ಬರೆದಿದ್ದರು. ಆಗ ಅದು ತರ್ಕ ಮಾತ್ರ, ಪುರಾವೆ ಇರಲಿಲ್ಲ. ಗುರು ತರ್ಕದಿಂದ ಹೇಳಿದ್ದನ್ನು ಶಿಷ್ಯ ನಲವತ್ತು ವರ್ಷಗಳ ಬಳಿಕ ಕಣ್ಣಿಗೆ ಕಾಣುವಂತೆ ಮಾಡಿದರು.

1866ರಲ್ಲಿ ಪದವಿ ಮುಗಿಯಿತು. ಮರುವರ್ಷ ಎಮ್ಮಿ ಎಂಬುವರೊಡನೆ ಮದುವೆಯಾಗಿ, ಕೆಲಸಕ್ಕಾಗಿ ಊರಿಂದೂರಿಗೆ ಅಲೆದು, ಫ್ರಾನ್ಸಿನೊಡನೆ ನಡೆದ ಯುದ್ಧದಲ್ಲಿ ಸೇನೆಯ ವೈದ್ಯರಾಗಿಯೂ ದುಡಿದರು. 1872ರಲ್ಲಿ ವೋಲ್‌ಸ್ಟೈನ್ ಎಂಬ ಸಣ್ಣ ಊರಿನಲ್ಲಿ ಜಿಲ್ಲಾ ವೈದ್ಯಾಧಿಕಾರಿಯಾದರು. ಈಗ ಆ ಊರು ಪೋಲೆಂಡ್ ದೇಶದಲ್ಲಿದೆ. ಅಲ್ಲಿ ಪ್ರಯೋಗಾಲಯವಿರಲಿಲ್ಲ, ಗ್ರಂಥಾಲಯವಿರಲಿಲ್ಲ, ಮಾತಾಡಲು ಇನ್ನೊಬ್ಬ ವಿಜ್ಞಾನಿಯೂ ಇರಲಿಲ್ಲ. ಹೆಂಡತಿ ಉಡುಗೊರೆಯಾಗಿ ಕೊಟ್ಟ ಸೂಕ್ಷ್ಮದರ್ಶಕವೊಂದಿತ್ತು. ರೋಗಿಗಳನ್ನು ನೋಡುವ ಕೋಣೆಯ ಒಂದು ಭಾಗವನ್ನು ಬೇರೆ ಮಾಡಿಕೊಂಡು ಅಲ್ಲೇ ಕೆಲಸ ಆರಂಭಿಸಿದರು.

ಮರದ ಸಿಬಿರು, ದನದ ಕಣ್ಣು

ಆ ಸೀಮೆಯ ದನಕುರಿಗಳನ್ನು ಆಂಥ್ರಾಕ್ಸ್ ರೋಗ ಕೊಲ್ಲುತ್ತಿತ್ತು. ನಮ್ಮಲ್ಲಿ ದನ ಸಾಕುವವರು ಇದನ್ನು ನೆರಡಿ ರೋಗ ಎನ್ನುತ್ತಾರೆ. ಸತ್ತ ಪ್ರಾಣಿಯ ರಕ್ತದಲ್ಲಿ ಕಡ್ಡಿಯಾಕಾರದ ಸೂಕ್ಷ್ಮ ವಸ್ತುಗಳಿರುವುದನ್ನು ಬೇರೆಯವರು ಮೊದಲೇ ಕಂಡಿದ್ದರು. ಅವು ರೋಗದ ಕಾರಣವೋ, ರೋಗದಿಂದ ಆದ ಪರಿಣಾಮವೋ ಎಂಬುದು ತೀರ್ಮಾನವಾಗಿರಲಿಲ್ಲ. ನಮ್ಮ ತರಗತಿಗಳಲ್ಲಿ ಮಕ್ಕಳು ಗೊಂದಲ ಮಾಡಿಕೊಳ್ಳುವುದೂ ಇಲ್ಲೇ. ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು.

ಕಾಕ್ ಅವರ ಬಳಿ ಸರಿಯಾದ ಉಪಕರಣಗಳಿರಲಿಲ್ಲ. ಮರದ ಸಿಬಿರನ್ನು ಬಿಸಿಮಾಡಿ ಶುದ್ಧಗೊಳಿಸಿ, ಸತ್ತ ಪ್ರಾಣಿಯ ರಕ್ತದಲ್ಲಿ ಅದ್ದಿ, ಇಲಿಯ ಬಾಲದ ಬುಡದಲ್ಲಿ ಚುಚ್ಚಿದರು. ಇಲಿ ಸತ್ತಿತು. ಅದರ ದೇಹದಲ್ಲೂ ಅವೇ ಕಡ್ಡಿಗಳು. ಆದರೆ ರಕ್ತದಲ್ಲಿ ಕಡ್ಡಿಗಳ ಜೊತೆಗೆ ಇನ್ನೂ ಏನೇನೋ ಇರುತ್ತವೆ. ಕೊಂದದ್ದು ಕಡ್ಡಿಯೇ ಎಂದು ಹೇಳುವುದು ಹೇಗೆ? ದನದ ಕಣ್ಣಿನೊಳಗಿನ ತಿಳಿದ್ರವದಲ್ಲಿ ಆ ಕಡ್ಡಿಗಳನ್ನಷ್ಟೇ ಬೆಳೆಸಿದರು. ಒಂದು ಹನಿಯಿಂದ ಇನ್ನೊಂದು ಹನಿಗೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತ ಹೋದರು. ಮೂಲದ ರಕ್ತದ ಅಂಶ ಉಳಿಯದಷ್ಟು ಸಲ ದಾಟಿಸಿದ ಮೇಲೂ ಆ ಬೆಳೆ ಇಲಿಯನ್ನು ಕೊಂದಿತು. ಜೊತೆಗೆ, ಪರಿಸ್ಥಿತಿ ಅನುಕೂಲವಿಲ್ಲದಾಗ ಈ ಕಡ್ಡಿಗಳು ಗಟ್ಟಿ ಬೀಜಕಗಳಾಗಿ ಉಳಿದು, ಅನುಕೂಲವಾದಾಗ ಮತ್ತೆ ಕಡ್ಡಿಗಳಾಗುವುದನ್ನೂ ನೋಡಿದರು. ಕೆಲವು ಹುಲ್ಲುಗಾವಲುಗಳಲ್ಲಿ ವರ್ಷಗಳ ಬಳಿಕವೂ ರೋಗ ಮರುಕಳಿಸುವುದೇಕೆಂಬ ಒಗಟು ಹೀಗೆ ಬಿಡಿಸಿತು.

1876ರಲ್ಲಿ ಅವರು ಬ್ರೆಸ್ಲೌ ನಗರದ ಸಸ್ಯಶಾಸ್ತ್ರಜ್ಞ ಫರ್ಡಿನಾಂಡ್ ಕೋನ್ ಅವರಿಗೆ ಪತ್ರ ಬರೆದು, ಸಾಮಾನುಗಳನ್ನೆಲ್ಲ ಕಟ್ಟಿಕೊಂಡು ಹೋಗಿ, ಅಲ್ಲಿನ ಪ್ರಾಧ್ಯಾಪಕರ ಕಣ್ಣೆದುರೇ ಪ್ರಯೋಗಗಳನ್ನು ಮಾಡಿ ತೋರಿಸಿದರು. ಹಳ್ಳಿ ವೈದ್ಯನೆಂಬ ತಾತ್ಸಾರದಿಂದ ನೋಡಬಹುದಾಗಿದ್ದವರು ಒಪ್ಪಿಕೊಂಡರು. ನನ್ನನ್ನು ನಂಬಿ ಎಂದು ಕಾಕ್ ಕೇಳಲಿಲ್ಲ. ನೋಡಿ, ನೀವೂ ಮಾಡಿ ಎಂಬುದು ಅವರ ರೀತಿಯಾಗಿತ್ತು.

ಬರ್ಲಿನ್ನಿನ ಪ್ರಯೋಗಾಲಯ

1880ರಲ್ಲಿ ಬರ್ಲಿನ್ನಿನ ರಾಷ್ಟ್ರೀಯ ಆರೋಗ್ಯ ಕಚೇರಿಗೆ ಅವರಿಗೆ ಕರೆ ಬಂತು. ಅಲ್ಲಿ ಮೊದಲು ಕೈಗೆತ್ತಿಕೊಂಡದ್ದು ಬ್ಯಾಕ್ಟೀರಿಯಗಳನ್ನು ಬೇರೆ ಬೇರೆಯಾಗಿ ಬೆಳೆಸುವ ಸಮಸ್ಯೆ. ಸಾರಿನಂಥ ದ್ರವದಲ್ಲಿ ಬೆಳೆಸಿದರೆ ಹತ್ತು ಬಗೆಯವು ಕಲೆತುಹೋಗುತ್ತವೆ. ಬೇಯಿಸಿದ ಆಲೂಗಡ್ಡೆಯ ಹೋಳನ್ನು ತೆರೆದಿಟ್ಟರೆ ಅದರ ಮೇಲೆ ಬೇರೆ ಬೇರೆ ಬಣ್ಣದ ಚುಕ್ಕಿಗಳು ಏಳುತ್ತವೆ, ಒಂದೊಂದು ಚುಕ್ಕಿಯೂ ಒಂದೊಂದು ಬಗೆಯ ಜೀವಿಯ ಸಂಸಾರ. ಇದನ್ನು ಗಮನಿಸಿದ ಕಾಕ್ ಗಟ್ಟಿ ಮೇಲ್ಮೈಯ ಮೇಲೆ ಬೆಳೆಸುವ ಕ್ರಮವನ್ನು ರೂಪಿಸಿದರು. ಮೊದಲು ಜೆಲಾಟಿನ್ ಬಳಸಿದರು. ಸೆಕೆಗೆ ಅದು ಕರಗುತ್ತಿತ್ತು. ಅವರ ಪ್ರಯೋಗಾಲಯದಲ್ಲಿದ್ದ ವಾಲ್ಟರ್ ಹೆಸ್ಸೆ ಅವರ ಹೆಂಡತಿ ಫ್ಯಾನಿ ಹೆಸ್ಸೆ, ಅಡುಗೆಮನೆಯಲ್ಲಿ ತಾವು ಬಳಸುತ್ತಿದ್ದ ಅಗರ್ ಎಂಬ ಕಡಲಪಾಚಿಯ ಅಂಟನ್ನು ಸೂಚಿಸಿದರು. ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವುದು ಅದೇ. 1887ರಲ್ಲಿ ಕಾಕ್ ಅವರ ಸಹಾಯಕ ಯೂಲಿಯಸ್ ಪೆಟ್ರಿ ಮುಚ್ಚಳವಿರುವ ಗಾಜಿನ ತಟ್ಟೆಯನ್ನು ಬಳಕೆಗೆ ತಂದರು. ನಮ್ಮ ಪ್ರಯೋಗಾಲಯದ ಪೆಟ್ರಿ ತಟ್ಟೆಯ ಹೆಸರು ಅವರದೇ.

1881ರ ಆಗಸ್ಟ್ ತಿಂಗಳಲ್ಲಿ ಕಾಕ್ ಕ್ಷಯದ ಕೆಲಸ ಹಿಡಿದರು.

ಏಳರಲ್ಲಿ ಒಂದು ಸಾವು

ಆಗ ಯುರೋಪಿನಲ್ಲಿ ಸಾಯುವ ಏಳು ಜನರಲ್ಲಿ ಒಬ್ಬರು ಕ್ಷಯದಿಂದ ಸಾಯುತ್ತಿದ್ದರು. ಪ್ರಾಯದವರ ಲೆಕ್ಕವನ್ನಷ್ಟೇ ತೆಗೆದುಕೊಂಡರೆ ಪಾಲು ಇನ್ನೂ ಹೆಚ್ಚು. ಕೆಮ್ಮು, ಸಂಜೆ ಹೊತ್ತಿನ ಜ್ವರ, ರಾತ್ರಿ ಬೆವರು, ಕಫದಲ್ಲಿ ರಕ್ತ, ದಿನದಿನಕ್ಕೆ ಸವೆಯುವ ಮೈ. ಒಂದೇ ಮನೆಯಲ್ಲಿ ತಾಯಿ, ಮಗಳು, ತಮ್ಮ ಹೀಗೆ ಒಬ್ಬರ ಬೆನ್ನಿಗೆ ಒಬ್ಬರು ಹೋಗುತ್ತಿದ್ದುದನ್ನು ನೋಡಿದವರಿಗೆ ಇದು ರಕ್ತದಲ್ಲಿ ಹರಿದು ಬರುವ ದೋಷವೆಂದು ತೋರುವುದು ಸಹಜವಾಗಿತ್ತು. ದೊಡ್ಡ ದೊಡ್ಡ ವೈದ್ಯರೂ ಹಾಗೇ ನಂಬಿದ್ದರು. ನನ್ನ ತರಗತಿಯ ಹುಡುಗಿಯ ಊರಿನವರು ಇಂದು ಹೇಳುತ್ತಿರುವುದೂ ಅದನ್ನೇ. ಫ್ರಾನ್ಸಿನ ಸೇನಾ ವೈದ್ಯ ವಿಲ್ಮೆಂ 1865ರಲ್ಲಿ ಕ್ಷಯದ ಗಂಟುಗಳನ್ನು ಮೊಲಗಳಿಗೆ ಚುಚ್ಚಿ ಅದು ಅಂಟುವ ರೋಗವೆಂದು ತೋರಿಸಿದ್ದರು. ಹೆಚ್ಚಿನವರು ಕಿವಿಗೊಟ್ಟಿರಲಿಲ್ಲ. ಅಂಟಿಸುವ ವಸ್ತು ಯಾವುದೆಂದು ಯಾರಿಗೂ ಕಂಡಿರಲಿಲ್ಲ.

ಕಾಣದಿರಲು ಕಾರಣವಿತ್ತು. ಕ್ಷಯದ ಬ್ಯಾಕ್ಟೀರಿಯ ತೀರ ಸಣ್ಣದು, ಅದರ ಮೈಮೇಲೆ ಮೇಣದಂಥ ಹೊದಿಕೆ. ಸಾಮಾನ್ಯ ಬಣ್ಣಗಳು ಅದಕ್ಕೆ ಹಿಡಿಯುವುದಿಲ್ಲ. ಕಾಕ್ ಒಂದರ ಮೇಲೊಂದು ಬಣ್ಣ ಪ್ರಯತ್ನಿಸಿದರು. ಕೊನೆಗೆ ಕ್ಷಾರ ಬೆರೆಸಿದ ಮೆಥಿಲೀನ್ ನೀಲಿಯಲ್ಲಿ ಬಹಳ ಹೊತ್ತು ಇಟ್ಟು, ಬಳಿಕ ಕಂದು ಬಣ್ಣ ಹಾಕಿದಾಗ ಸುತ್ತಲಿನದೆಲ್ಲ ಕಂದಾಗಿ, ನಡುವೆ ಸಣ್ಣ, ತುಸು ಬಾಗಿದ ನೀಲಿ ಕಡ್ಡಿಗಳು ಕಂಡವು.

ಕಂಡದ್ದು ಮೊದಲ ಹೆಜ್ಜೆ. ಮುಂದೆ ಬೆಳೆಸಬೇಕು. ಪ್ರಾಣಿಯ ರಕ್ತದ ತಿಳಿಯನ್ನು ಬಿಸಿಮಾಡಿ ಹೆಪ್ಪುಗಟ್ಟಿಸಿ, ಅದರ ಮೇಲೆ ಕ್ಷಯದ ಗಂಟಿನ ಚೂರಿಟ್ಟು, ಮೈ ಬಿಸಿಯಷ್ಟೇ ಶಾಖದಲ್ಲಿ ಇರಿಸಿದರು. ಬೇರೆ ಬ್ಯಾಕ್ಟೀರಿಯಗಳು ಒಂದೆರಡು ದಿನದಲ್ಲಿ ಕಾಣಿಸಿಕೊಳ್ಳುತ್ತವೆ. ಇಲ್ಲಿ ಒಂದು ವಾರವಾದರೂ ಏನೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ನಳಿಕೆಗಳನ್ನು ತೊಳೆದಿಡುತ್ತಿದ್ದರು. ಕಾಕ್ ಕಾದರು. ಎರಡನೆಯ ವಾರದಲ್ಲಿ ಒಣ ಹೊಟ್ಟಿನಂಥ ಸಣ್ಣ ಕಣಗಳು ಮೂಡಿದವು. ಮೂರನೆಯ ಹೆಜ್ಜೆಯಾಗಿ ಆ ಶುದ್ಧ ಬೆಳೆಯನ್ನು ಗಿನಿಪಿಗ್‌ಗಳಿಗೆ ಚುಚ್ಚಿದರು. ಅವಕ್ಕೆ ಕ್ಷಯ ಬಂತು. ನಾಲ್ಕನೆಯ ಹೆಜ್ಜೆಯಾಗಿ ಅವುಗಳ ದೇಹದಿಂದ ಅವೇ ಕಡ್ಡಿಗಳನ್ನು ಮತ್ತೆ ಹೊರತೆಗೆದರು. ರೋಗವಿರುವಲ್ಲೆಲ್ಲ ಜೀವಿಯನ್ನು ಕಾಣುವುದು, ಅದನ್ನು ಬೇರ್ಪಡಿಸಿ ಬೆಳೆಸುವುದು, ಬೆಳೆದದ್ದರಿಂದ ರೋಗ ಬರಿಸುವುದು, ಮತ್ತೆ ಅದೇ ಜೀವಿಯನ್ನು ಪಡೆಯುವುದು. ಕಾಕ್ ಅವರ ನಿಯಮಗಳೆಂದು ನಾವು ಬಾಯಿಪಾಠ ಮಾಡುವ ನಾಲ್ಕು ಅಂಶಗಳ ಹಿಂದೆ ಇಷ್ಟು ಕೆಲಸವಿದೆ.

1882ರ ಮಾರ್ಚ್ 24ರ ಸಂಜೆ ಬರ್ಲಿನ್ನಿನ ಶರೀರಕ್ರಿಯಾ ಸಂಘದ ಸಭೆ ಸೇರಿತು. ಸಭೆ ನಡೆದದ್ದು ಒಂದು ಸಣ್ಣ ಓದುಕೋಣೆಯಲ್ಲಿ. ಕಾಕ್ ಒಳ್ಳೆಯ ಭಾಷಣಕಾರರಲ್ಲ, ನಿಧಾನವಾಗಿ ತಡೆತಡೆದು ಮಾತಾಡುವವರು. ಆದರೆ ಇನ್ನೂರಕ್ಕೂ ಹೆಚ್ಚು ಮಾದರಿಗಳನ್ನೂ ಸೂಕ್ಷ್ಮದರ್ಶಕಗಳನ್ನೂ ಜೊತೆಗೆ ತಂದಿದ್ದರು. ಮಾತು ಮುಗಿದಾಗ ಯಾರೂ ಪ್ರಶ್ನೆ ಕೇಳಲಿಲ್ಲ, ವಾದ ಹೂಡಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋಗಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರು. ಅಲ್ಲಿದ್ದ ತರುಣ ವೈದ್ಯ ಪಾಲ್ ಎರ್ಲಿಷ್ ಆ ಸಂಜೆಯನ್ನು ತಮ್ಮ ವೈಜ್ಞಾನಿಕ ಬದುಕಿನ ಅತಿ ದೊಡ್ಡ ಅನುಭವವೆಂದು ಮುಂದೆ ನೆನೆಯುತ್ತಿದ್ದರು. ಬಣ್ಣ ಹಾಕುವ ಕ್ರಮವನ್ನು ಎರ್ಲಿಷ್ ಕೂಡಲೇ ಉತ್ತಮಪಡಿಸಿದರು, ಕಾಕ್ ಅದನ್ನು ಸಂತೋಷದಿಂದ ಒಪ್ಪಿಕೊಂಡರು. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಕಫದ ಪರೀಕ್ಷೆಗೆ ಬಳಸುವ ಬಣ್ಣದ ಕ್ರಮ ಇದೇ ದಾರಿಯಲ್ಲಿ ಬಂದದ್ದು. ಮಾರ್ಚ್ 24 ಈಗ ವಿಶ್ವ ಕ್ಷಯರೋಗ ದಿನ.

ಮರುವರ್ಷ ಕಾಲರಾ ಕಾರಣ ಹುಡುಕುತ್ತ ಅವರು ಈಜಿಪ್ಟಿಗೂ, ಅಲ್ಲಿಂದ ಕಲ್ಕತ್ತೆಗೂ ಬಂದರು. ಅಲ್ಪವಿರಾಮದ ಆಕಾರದ ಕಾಲರಾ ಬ್ಯಾಕ್ಟೀರಿಯವನ್ನು ರೋಗಿಗಳ ಕರುಳಿನಲ್ಲೂ, ಜನ ಕುಡಿಯಲು ಬಳಸುತ್ತಿದ್ದ ಕೆರೆಯ ನೀರಿನಲ್ಲೂ 1884ರಲ್ಲಿ ತೋರಿಸಿದರು. ತಾಯ್ನಾಡಿಗೆ ಮರಳಿದಾಗ ಅವರು ರಾಷ್ಟ್ರವೀರ.

ಗುಟ್ಟಿನ ಔಷಧಿ

ನಮ್ಮ ಪಠ್ಯಗಳಲ್ಲಿ ವಿಜ್ಞಾನಿಗಳ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಕಾಕ್ ಅವರ ಕಥೆಯಲ್ಲಿ ಮಕ್ಕಳಿಗೆ ಹೇಳಲೇಬೇಕಾದ ಭಾಗ ಇದರ ಮುಂದಿದೆ.

1890ರ ಆಗಸ್ಟ್‌ನಲ್ಲಿ ಬರ್ಲಿನ್ನಿನಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನ ನಡೆಯಿತು. ಜರ್ಮನಿಯ ಹೆಸರು ಮೆರೆಯುವಂಥದ್ದೇನಾದರೂ ಅಲ್ಲಿ ಪ್ರಕಟವಾಗಬೇಕೆಂದು ಸರ್ಕಾರದ ಒತ್ತಡವಿತ್ತು. ಗಿನಿಪಿಗ್‌ಗಳಲ್ಲಿ ಕ್ಷಯದ ಬೆಳವಣಿಗೆಯನ್ನು ತಡೆಯುವ ವಸ್ತುವೊಂದು ತಮಗೆ ಸಿಕ್ಕಿದೆ ಎಂದು ಕಾಕ್ ಸಾರಿದರು. ನವೆಂಬರ್‌ನಲ್ಲಿ ಮನುಷ್ಯರ ಮೇಲಿನ ಪ್ರಯೋಗದ ಲೇಖನ ಬಂತು. ಆ ವಸ್ತು ಏನು, ಹೇಗೆ ತಯಾರಿಸಿದ್ದು ಎಂಬುದು ಮಾತ್ರ ಅದರಲ್ಲಿರಲಿಲ್ಲ. ಪ್ರತಿಯೊಂದನ್ನೂ ಎಲ್ಲರೆದುರು ಮಾಡಿ ತೋರಿಸುತ್ತಿದ್ದ ಮನುಷ್ಯ ಈ ಸಲ ಗುಟ್ಟು ಮಾಡಿದರು. ತಯಾರಿಕೆಯಿಂದ ಬರಬಹುದಾದ ಲಾಭದ ಲೆಕ್ಕಾಚಾರವೂ ಹಿಂದೆ ನಡೆದಿತ್ತು.

ಸುದ್ದಿ ಹಬ್ಬಿದ್ದೇ ತಡ, ರೋಗಿಗಳು ರೈಲು ಹತ್ತಿ ಬರ್ಲಿನ್ನಿಗೆ ಬಂದರು. ವಸತಿಗೃಹಗಳು ತುಂಬಿಹೋದವು. ಬದುಕುವ ಆಸೆ ಬಿಟ್ಟವರು ಕೊನೆಯ ಶಕ್ತಿ ಕೂಡಿಸಿಕೊಂಡು ಬಂದು ಸಾಲು ನಿಂತರು. ವೈದ್ಯರೂ ದೇಶದೇಶಗಳಿಂದ ಬಂದರು. ಅವರಲ್ಲಿ ಷೆರ್ಲಾಕ್ ಹೋಮ್ಸ್ ಕಥೆಗಳ ಕರ್ತೃ, ವೃತ್ತಿಯಿಂದ ವೈದ್ಯರಾಗಿದ್ದ ಆರ್ಥರ್ ಕಾನನ್ ಡಾಯ್ಲ್ ಕೂಡ ಒಬ್ಬರು. ಉಪನ್ಯಾಸಕ್ಕೆ ಒಳಗೆ ಬಿಡದಿದ್ದಾಗ ಅವರು ವಾರ್ಡುಗಳನ್ನು ಸುತ್ತಿ ರೋಗಿಗಳನ್ನು ನೋಡಿ, ಇದು ರೋಗವನ್ನು ಗುಣಪಡಿಸುವಂತೆ ಕಾಣುವುದಿಲ್ಲ, ಎಚ್ಚರವಿರಲಿ ಎಂಬರ್ಥದಲ್ಲಿ ಇಂಗ್ಲೆಂಡಿನ ಪತ್ರಿಕೆಗೆ ಬರೆದರು.

ಕಾಕ್ ಆ ಔಷಧಿಯನ್ನು ತಮ್ಮ ಮೈಗೇ ಚುಚ್ಚಿಕೊಂಡು ನೋಡಿದ್ದರು. ಜೋರು ಚಳಿಜ್ವರ ಬಂದಿತ್ತು. ಕ್ಷಯದ ಸೋಂಕು ಇರುವವರಿಗೆ ಸ್ವಲ್ಪವೇ ಚುಚ್ಚಿದರೂ ಮೈ ಕೆಂಡವಾಗುತ್ತಿತ್ತು. ಔಷಧಿ ರೋಗದ ಮೇಲೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತೆಂದು ಅವರು ತಿಳಿದರು. ತಿಂಗಳೆರಡು ಕಳೆಯುವುದರೊಳಗೆ ನಿಜ ಹೊರಬಿತ್ತು. ಚುಚ್ಚುಮದ್ದು ಪಡೆದು ತೀರಿಕೊಂಡವರ ಶವಪರೀಕ್ಷೆ ಮಾಡಿದ ರುಡಾಲ್ಫ್ ಫಿರ್ಖೋ, ರೋಗ ಕಡಿಮೆಯಾಗುವ ಬದಲು ಹೊಸ ಜಾಗಗಳಿಗೆ ಹರಡಿರುವುದನ್ನು 1891ರ ಜನವರಿಯಲ್ಲಿ ಸಭೆಯ ಮುಂದಿಟ್ಟರು. ಅದೇ ತಿಂಗಳು ಕಾಕ್ ಗುಟ್ಟು ಬಿಡಬೇಕಾಯಿತು. ಅದು ಕ್ಷಯದ ಬ್ಯಾಕ್ಟೀರಿಯಗಳಿಂದ ಗ್ಲಿಸರಿನ್‌ನಲ್ಲಿ ತೆಗೆದ ಸಾರ, ಹೆಸರು ಟ್ಯೂಬರ್ಕುಲಿನ್. ಗುಣವಾದವರು ತೀರ ಕಡಿಮೆ, ಕೆಲವರು ಅದರಿಂದಲೇ ಹದಗೆಟ್ಟರು.

ಒಂಬತ್ತು ವರ್ಷಗಳ ಹಿಂದೆ ಅವರಿಗೆ ಜಯ ತಂದದ್ದು ಬಯಲಿಗಿಟ್ಟ ವಿಧಾನ. ಮಾದರಿಗಳು ಮೇಜಿನ ಮೇಲಿದ್ದವು, ಸಂದೇಹವಿದ್ದವರು ತಾವೇ ಮಾಡಿ ನೋಡಬಹುದಿತ್ತು. ಟ್ಯೂಬರ್ಕುಲಿನ್ ಸಂದರ್ಭದಲ್ಲಿ ಆ ಬಾಗಿಲನ್ನೇ ಮುಚ್ಚಿದ್ದರು. ತಪ್ಪನ್ನು ಬೇಗ ಹಿಡಿಯಬಹುದಾಗಿದ್ದ ಬೇರೆ ವಿಜ್ಞಾನಿಗಳ ಕೈಗೆ ಏನೂ ಸಿಗಲಿಲ್ಲ. ನಡುವಿನ ಆ ತಿಂಗಳುಗಳ ಬೆಲೆ ತೆತ್ತವರು ರೋಗಿಗಳು. ಕಾಕ್ ಅವರಷ್ಟು ದೊಡ್ಡ ವಿಜ್ಞಾನಿಯ ಹೆಸರೂ ಪುರಾವೆಯ ಜಾಗದಲ್ಲಿ ನಿಲ್ಲಲಾರದು ಎಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಸೋತ ಔಷಧಿ ಬೇರೆ ರೂಪದಲ್ಲಿ ಉಳಿಯಿತು. ಸೋಂಕು ಇರುವವರ ದೇಹ ಟ್ಯೂಬರ್ಕುಲಿನ್‌ಗೆ ಪ್ರತಿಕ್ರಿಯೆ ತೋರುತ್ತದಲ್ಲವೇ? ಅಂದರೆ ಸೋಂಕನ್ನು ಪತ್ತೆಹಚ್ಚಲು ಅದನ್ನು ಬಳಸಬಹುದು. 1907ರಲ್ಲಿ ಫೊನ್ ಪಿರ್ಕೆ, 1908ರಲ್ಲಿ ಮಾಂಟೂ ಅದನ್ನು ಚರ್ಮದ ಪರೀಕ್ಷೆಯಾಗಿ ರೂಪಿಸಿದರು. ಮಕ್ಕಳ ಮುಂಗೈಗೆ ಚುಚ್ಚಿ ಎರಡು ಮೂರು ದಿನಗಳ ಬಳಿಕ ಗಂಟಿನ ಅಳತೆ ನೋಡುವ ಪರೀಕ್ಷೆ ಅದೇ.

ಕೊನೆಯ ವರ್ಷಗಳು

1891ರಲ್ಲಿ ಬರ್ಲಿನ್ನಿನಲ್ಲಿ ಅವರಿಗಾಗಿ ಅಂಟುರೋಗಗಳ ಸಂಸ್ಥೆ ಆರಂಭವಾಯಿತು. 1893ರಲ್ಲಿ ಎಮ್ಮಿಯವರಿಂದ ವಿಚ್ಛೇದನ ಪಡೆದು, ತಮಗಿಂತ ಬಹಳ ಚಿಕ್ಕವರಾದ ಹೆಡ್‌ವಿಗ್ ಅವರನ್ನು ಮದುವೆಯಾದಾಗ ಊರೆಲ್ಲ ಟೀಕಿಸಿತು. ಬಳಿಕ ಹೆಚ್ಚು ಕಾಲ ಪ್ರವಾಸದಲ್ಲೇ ಕಳೆದರು. ದಕ್ಷಿಣ ಆಫ್ರಿಕದಲ್ಲಿ ದನಗಳ ದೊಡ್ಡರೋಗ, 1897ರಲ್ಲಿ ಬೊಂಬಾಯಿಯ ಪ್ಲೇಗು, ನ್ಯೂಗಿನಿಯಲ್ಲಿ ಮಲೇರಿಯ, ಪೂರ್ವ ಆಫ್ರಿಕದಲ್ಲಿ ನಿದ್ರಾರೋಗ ಹೀಗೆ ಒಂದರ ಮೇಲೊಂದು. ನಿದ್ರಾರೋಗಕ್ಕೆ ಅವರು ಬಳಸಿದ ಅಟಾಕ್ಸಿಲ್ ಎಂಬ ಆರ್ಸೆನಿಕ್ ಔಷಧಿಯಿಂದ ಕೆಲವು ಆಫ್ರಿಕನ್ ರೋಗಿಗಳು ಕಣ್ಣು ಕಳೆದುಕೊಂಡರು ಎಂಬುದನ್ನೂ ಮರೆಮಾಚಬಾರದು.

1901ರಲ್ಲಿ ಲಂಡನ್ನಿನ ಕ್ಷಯ ಸಮ್ಮೇಳನದಲ್ಲಿ ದನದ ಕ್ಷಯದಿಂದ ಮನುಷ್ಯರಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲ ಎಂದು ಅವರು ವಾದಿಸಿದರು. ಬ್ರಿಟಿಷ್ ಸರ್ಕಾರ ಆಯೋಗವೊಂದನ್ನು ನೇಮಿಸಿತು. ಅದು ವರ್ಷಗಟ್ಟಲೆ ಪರೀಕ್ಷೆ ನಡೆಸಿ, ಹಸಿಹಾಲಿನ ಮೂಲಕ ದನದ ಕ್ಷಯ ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ, ಬರುವುದನ್ನು ಸ್ಥಿರಪಡಿಸಿತು. ಹಾಲನ್ನು ಕಾಯಿಸಿಯೇ ಕುಡಿಯಬೇಕೆಂದು ನಾವು ಹೇಳುವುದರ ಹಿಂದೆ ಈ ವಿವಾದವೂ ಇದೆ.

1905ರಲ್ಲಿ ಕ್ಷಯದ ಸಂಶೋಧನೆಗಾಗಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅಂದಿನ ಉಪನ್ಯಾಸದಲ್ಲಿ ಅವರು ಒತ್ತು ಕೊಟ್ಟದ್ದು ರೋಗಿಗಳನ್ನು ಬೇಗ ಗುರುತಿಸುವುದು, ಕಫ ಪರೀಕ್ಷೆ, ಇಕ್ಕಟ್ಟಾದ ಮನೆಗಳ ಸಮಸ್ಯೆ, ರೋಗಿಗೂ ಮನೆಯವರಿಗೂ ನೆರವು ಮತ್ತು ತಿಳಿವಳಿಕೆ ಇವುಗಳಿಗೆ. 1910ರ ಮೇ 27ರಂದು ಬಾಡೆನ್ ಬಾಡೆನ್ ಊರಿನಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಅವರ ಚಿತಾಭಸ್ಮ ಬರ್ಲಿನ್ನಿನ ಅವರ ಸಂಸ್ಥೆಯಲ್ಲೇ ಇದೆ.

ಅವರು ಬಿಟ್ಟುಹೋದ ಕೆಲಸ

ಕಾರಣ ತಿಳಿದ ಮೇಲೂ ಔಷಧಿಗೆ ಅರವತ್ತು ವರ್ಷ ಕಾಯಬೇಕಾಯಿತು. 1921ರಲ್ಲಿ ಬಿಸಿಜಿ ಲಸಿಕೆ ಮೊದಲ ಸಲ ಬಳಕೆಯಾಯಿತು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು, 1952ರಲ್ಲಿ ಐಸೊನಿಯಾಜಿಡ್ ಬಂತು. 1950ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ನಡೆದ ಅಧ್ಯಯನ, ಸ್ಯಾನಟೋರಿಯಂ ಸೇರದೆ ಮನೆಯಲ್ಲಿದ್ದುಕೊಂಡೇ ಮಾತ್ರೆ ತೆಗೆದುಕೊಂಡರೂ ರೋಗಿ ಗುಣವಾಗಬಹುದು, ಮನೆಯವರಿಗೆ ಅದರಿಂದ ಅಪಾಯ ಹೆಚ್ಚುವುದಿಲ್ಲ ಎಂದು ಜಗತ್ತಿಗೆ ತೋರಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. 1962ರಲ್ಲಿ ಬಂದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡದ್ದು ಅಲ್ಲಿಯೇ.

ಆದರೂ ರೋಗ ಹೋಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಜನ ಕ್ಷಯಕ್ಕೆ ತುತ್ತಾದರು. ಸತ್ತವರು ಸುಮಾರು 12.5 ಲಕ್ಷ. ರೋಗಿಗಳಲ್ಲಿ ಕಾಲು ಭಾಗಕ್ಕೂ ತುಸು ಹೆಚ್ಚು ನಮ್ಮ ದೇಶದವರು. ಜಗತ್ತಿನ ನಾಲ್ವರಲ್ಲಿ ಒಬ್ಬರ ದೇಹದೊಳಗೆ ಈ ಬ್ಯಾಕ್ಟೀರಿಯ ಹೊಕ್ಕಿರಬಹುದು, ಆದರೆ ಅವರಲ್ಲಿ ಶೇಕಡ 5ರಿಂದ 10 ಜನಕ್ಕಷ್ಟೇ ಎಂದಾದರೂ ರೋಗ ಬರುತ್ತದೆ. ಉಳಿದವರ ಮೈ ಅದನ್ನು ಅಡಗಿಸಿಡುತ್ತದೆ. ಮೈಯ ಈ ಬಲ ಊಟವನ್ನು ಬಹಳ ಅವಲಂಬಿಸಿದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನ 4 ಜಿಲ್ಲೆಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಮನೆಮಂದಿಗೆ ಆಹಾರಧಾನ್ಯ ಮತ್ತು ಪೋಷಕಾಂಶಗಳ ಮಾತ್ರೆ ಒದಗಿಸಿದಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡ 40ರ ಹತ್ತಿರ ಕಡಿಮೆಯಾಯಿತು. ಒಂದೇ ಮನೆಯಲ್ಲಿ ಹಲವರಿಗೆ ರೋಗ ಬರುವುದೇಕೆಂಬ ಹಳೆಯ ಪ್ರಶ್ನೆಗೆ ಮುಖ್ಯ ಉತ್ತರ ಇಲ್ಲಿದೆ. ಅವರು ಉಸಿರಾಡುವ ಗಾಳಿ ಒಂದೇ, ಎಷ್ಟೋ ಸಲ ಅವರ ಹಸಿವೂ ಒಂದೇ.

ತರಗತಿಗೆ ಒಯ್ಯುವಾಗ

ಈ ಕಥೆಯನ್ನು ಮತ್ತೊಂದು ಅವಧಿಯಲ್ಲಿ ಪಾಠ ಮಾಡಿದೆ. ನನಗೆ ಉಪಯುಕ್ತವೆನಿಸಿದ ಕೆಲವು ಅಂಶಗಳನ್ನು ಹಂಚಿಕೊಳ್ಳುತ್ತೇನೆ. ಮೊದಲನೆಯದು, ನಿಯಮಗಳನ್ನು ಮೊದಲು ಬರೆಯಬಾರದು. ಇಲಿಯ ಪ್ರಯೋಗದವರೆಗೆ ಕಥೆ ಹೇಳಿ ನಿಲ್ಲಿಸಿ, ಕೊಂದದ್ದು ಕಡ್ಡಿಯೇ ಎಂದು ಖಚಿತ ಮಾಡಲು ಇನ್ನೇನು ಬೇಕು ಎಂದು ಮಕ್ಕಳನ್ನೇ ಕೇಳಬೇಕು. ನನ್ನ ತರಗತಿಯಲ್ಲಿ ಕಡ್ಡಿಯನ್ನು ಬೇರೆ ಮಾಡಿ ಕೊಟ್ಟು ನೋಡಬೇಕೆಂಬ ಉತ್ತರ ಮಕ್ಕಳಿಂದಲೇ ಬಂತು.

ಎರಡನೆಯದು, ಬೇಯಿಸಿದ ಆಲೂಗಡ್ಡೆಯ ಹೋಳನ್ನು ಒಂದು ಗಂಟೆ ತೆರೆದಿಟ್ಟು, ಬಳಿಕ ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಟೇಪು ಸುತ್ತಿ ಮೂರು ನಾಲ್ಕು ದಿನ ಇಟ್ಟರೆ ಚುಕ್ಕಿಗಳು ಕಾಣುತ್ತವೆ. ಅದರ ಮೇಲೆ ಕೆಮ್ಮಿಸುವುದು, ಉಗುಳಿಸುವುದು ಬೇಡ. ಡಬ್ಬಿಯನ್ನು ಮಕ್ಕಳು ತೆರೆಯದಂತೆ ನೋಡಿಕೊಂಡು, ಕೊನೆಗೆ ಶಿಕ್ಷಕರೇ ತೆರೆಯದೆ ಎಸೆಯಬೇಕು.

ಮೂರನೆಯದು, ಯಾರ ಮನೆಯಲ್ಲಿ ಕ್ಷಯವಿದೆ ಎಂದು ತರಗತಿಯಲ್ಲಿ ಎಂದೂ ಕೇಳಬಾರದು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಔಷಧಿ ಎರಡೂ ಉಚಿತ, ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆಯನ್ನು ನಡುವೆ ಬಿಡದೆ ಮುಗಿಸಬೇಕು ಎಂಬುದನ್ನು ಎಲ್ಲರಿಗೂ ಹೇಳಿದರೆ, ತಿಳಿಯಬೇಕಾದ ಮಗುವಿಗೂ ತಿಳಿಯುತ್ತದೆ.

ಆ ಅವಧಿ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿ ಮೇಜಿನ ಬಳಿ ಬಂದಳು. ಮಾತ್ರೆ ಪೂರ್ತಿ ಮುಗಿಸಿ ಗುಣವಾದವರ ಜೊತೆ ಕೂತು ಊಟ ಮಾಡಬಹುದೇ ಎಂದು ಕೇಳಿದಳು. ಮಾಡಬಹುದು, ಕ್ಷಯ ತಟ್ಟೆ ಲೋಟದಿಂದ ಬರುವುದಿಲ್ಲ, ಚಿಕಿತ್ಸೆಯಿಲ್ಲದ ರೋಗಿ ಕೆಮ್ಮಿದಾಗ ಗಾಳಿಯಲ್ಲಿ ಬರುತ್ತದೆ ಎಂದೆ. ಈ ಸಲ ಅದು ಹೇಗೆ ಗೊತ್ತಾಯಿತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಉತ್ತರ ಹೇಳಲು ನಾನು ಸಿದ್ಧಳಿದ್ದೆ.